ಲಿಂಗರಾಜಣ್ಣನ ಶೆಲ್ಲು

ಬೂದಿ, ಮತ್ತೆ ಬೂದಿ, ಕಿಟಕಿ ಮುಚ್ಚಿದ್ದರೂ ಅದೆಲ್ಲಿಂದ ಬರುತ್ತದೋ, ಕಾರ್ಖಾನೆಯ ಚಿಮಣಿಯಿಂದ ಹಾರಿದ ಕಬ್ಬಿನ ಸಿಪ್ಪೆಯ ಕರಿ ಬೂದಿ, ಕೀಬೋರ್ಡಿನ ಸಂದಿಗೆಲ್ಲ ಇಳಿದು ಕೂತಿದೆ, ಊದಿದರೆ ಏಳುವುದಿಲ್ಲ, ಒರೆಸಿದರೆ ಬಳಿದುಕೊಳ್ಳುತ್ತದೆ — ಪರದೆಯ ಮೇಲೆ ನಾನೇ ಟೈಪು ಮಾಡಿದ ಒಂದು ಸಾಲು ಹಾಗೇ ನಿಂತಿದೆ, ಎಂಟರ್ ಒತ್ತಿಲ್ಲ, ಒತ್ತಿದರೆ ಮುಗಿಯಿತು, ಲಿಂಗರಾಜು ಎಂಬ ಹೆಸರಿನ ಶೆಲ್ ಬದಲಾಗುತ್ತದೆ, ಅಷ್ಟೇ ತಾನೆ, ಮಚ್ಚಲ್ಲ, ದೊಣ್ಣೆಯಲ್ಲ, ಒಂದು ಸಾಲು, ಬೆಳಿಗ್ಗೆ ಮ್ಯಾನೇಜರು ಮಹದೇವು ಬಾಗಿಲಲ್ಲೇ ನಿಂತು ಹೇಳಿದ್ದೂ ಹಾಗೇ, ಕಾಫಿ ತರಿಸು ಎನ್ನುವ ದನಿಯಲ್ಲಿ, ನೋಡಮ್ಮ ದೀಪಿಕ, ತೂಕದ ಮನೆ ಲಿಂಗರಾಜು ಅಕೌಂಟ್ ಅಳಿಸ್ಬೇಡ, ಪಾಸ್‌ವರ್ಡೂ ಮುಟ್ಬೇಡ, ಶೆಲ್ ಒಂದ್ ಬದ್ಲಾಯಿಸ್ಬುಡು, ಮಧ್ಯಾಹ್ನದ ಶಿಫ್ಟಿಗೆ ಅವ್ನು ಬರೋದ್ರೊಳಗೆ ಆಗಿರ್ಲಿ. ಯಾಕೆ ಸರ್ ಅಂದೆ. ನಾನ್ ಯೋಳ್ದೆ ಅಂತ ಕಣಮ್ಮ, ಅಂದ, ನಕ್ಕ, ಬಾಯಿ ತುಂಬ ಅಡಿಕೆ — ಬೈಯಲಿಲ್ಲ, ಬೈದಿದ್ದರೆ ಎದುರಾಡಬಹುದಿತ್ತು, ನಮ್ಮ ಪೈಕಿ ಉಡ್ಗಿ ಅಂತ ತಾನೆ ನಿನ್ನ ಈ ಕೋಣೇಲಿ ಕೂರ್ಸಿರೋದು, ಪರ್ಮನೆಂಟ್ ಆಗೋ ಟೈಮು, ಅಂತ ಸೇರಿಸಿ ಹೋದ.

ನಮ್ಮ ಪೈಕಿ, ಆ ಮಾತು ಕಿವಿಯಲ್ಲಿ ಅಂಟಿಕೊಂಡಿದೆ, ಹೊಳಲಿನಿಂದ ಮಂಡ್ಯ, ಮಂಡ್ಯದಿಂದ ಮದ್ದೂರು, ಮದ್ದೂರಿನಲ್ಲಿ ಇಳಿದು ಮಳವಳ್ಳಿ ಬಸ್ಸು, ದಿನಾ ನಿಂತುಕೊಂಡೇ ಬರುತ್ತೇನೆ, ಕಂಪ್ಯೂಟರು ಓದಿದ್ದೇನೆ, ಪರೀಕ್ಷೆಯಲ್ಲಿ ಪಾಸಾಗಿದ್ದೇನೆ, ಆದರೆ ಈ ಕುರ್ಚಿ ಸಿಕ್ಕಿದ್ದು ಜಾತಿಗೆ ಎಂದು ಅವನು ಎಷ್ಟು ಸಲೀಸಾಗಿ ಹೇಳಿಬಿಟ್ಟ, ನಾನು ಎಷ್ಟು ಸಲೀಸಾಗಿ ಕೇಳಿಸಿಕೊಂಡೆ — ಶೆಲ್ ಎಂದರೇನು ಎಂದು ಅವನಿಗೆ ಯಾರು ಹೇಳಿಕೊಟ್ಟರೋ, ಹೆಸರು ಪಾಸ್‌ವರ್ಡು ಕೊಟ್ಟವನನ್ನು ಯಂತ್ರ ಒಳಗೆ ಕರೆದು ಶೆಲ್ಲಿನ ಮುಂದೆ ಕೂರಿಸುತ್ತದೆ, ನಾವು ಹೇಳಿದ್ದನ್ನು ಕೇಳಿಸಿಕೊಂಡು ಮಾಡಿಸುವುದು ಅದೇ, ಯಾರಿಗೆ ಯಾವ ಶೆಲ್ ಎಂದು ಅವರವರ ಹೆಸರಿನ ಸಾಲಿನ ಕೊನೆಯಲ್ಲಿ ಬರೆದಿರುತ್ತದೆ, ಅಲ್ಲಿ ನೋಲಾಗಿನ್ ಎಂದು ಬರೆದರೆ ಸಾಕು, ಅದಕ್ಕೆ ಕೇಳಿಸಿಕೊಳ್ಳುವ ಕಿವಿ ಇಲ್ಲ, ಬಂದವನಿಗೆ ಈ ಅಕೌಂಟು ಸದ್ಯಕ್ಕೆ ಲಭ್ಯವಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಹೊರಗೆ ತಳ್ಳುವುದೊಂದೇ ಅದರ ಕೆಲಸ, ಪಾಸ್‌ವರ್ಡು ಸರಿಯಾಗಿದ್ದರೂ ತಳ್ಳುತ್ತದೆ. ಮನುಷ್ಯ ಹೊರಗೆ, ಹೆಸರು ಒಳಗೆ. ಅವನ ಹೆಸರಿನಲ್ಲಿ ತಾನಾಗಿ ಓಡುವ ಪ್ರೋಗ್ರಾಮುಗಳಿಗೆ ಈ ಬದಲಾವಣೆ ತಟ್ಟುವುದೇ ಇಲ್ಲ, ಅವು ಓಡುತ್ತಲೇ ಇರುತ್ತವೆ, ಅದು ಮಹದೇವುಗೆ ಗೊತ್ತು, ಅದಕ್ಕೇ ಅಳಿಸಬೇಡ ಅಂದದ್ದು, ಹೋದ ವಾರ ಹೊರಗಿನವನೊಬ್ಬನನ್ನು ಕರೆಸಿ ಲಿಂಗರಾಜಣ್ಣನ ಹೆಸರಿನಡಿ ಒಂದು ಹೊಸ ಪ್ರೋಗ್ರಾಮು ಕೂರಿಸಿದ, ಟ್ರ್ಯಾಕ್ಟರು ತೂಕದ ತಟ್ಟೆ ಹತ್ತಿದ ಕೂಡಲೇ ತೂಕ ಹಿಡಿಯುತ್ತದೆ, ಕಸ ಎಂದು ತಾನೇ ಒಂದಿಷ್ಟು ಕಳೆಯುತ್ತದೆ, ಚೀಟಿ ಹೊಡೆಯುತ್ತದೆ, ಚೀಟಿಯ ಕೆಳಗೆ ತೂಗಿದವರು ಲಿಂಗರಾಜು, ಇಷ್ಟು ದಿನ ಅವನಿಲ್ಲದ ಶಿಫ್ಟಿನಲ್ಲಿ, ಇವತ್ತಿನಿಂದ ಅವನಿರುವಾಗಲೂ.

ಕಸ, ಅದಕ್ಕೇ ಎಲ್ಲ ಶುರುವಾದದ್ದು, ಕಬ್ಬಿನ ಜೊತೆ ಬರುವ ಒಣ ಗರಿ, ಬೇರು, ಮಣ್ಣು, ಎಷ್ಟು ಕಳೆಯಬೇಕೆಂದು ತೂಗುವವನು ಬರೆಯಬೇಕು, ಲಿಂಗರಾಜಣ್ಣ ಕುರ್ಚಿ ಬಿಟ್ಟು ಎದ್ದು ಹೋಗಿ ಲೋಡಿನ ನಡುವಿನಿಂದ ಒಂದು ಜಲ್ಲೆ ಎಳೆದು ಕಾಲಿಗೆ ಬಡಿದು ನೋಡಿಯೇ ಬರೆಯುತ್ತಿದ್ದುದು, ಚಕ್ರದಿಂದ ಉದುರಿದ ಮಣ್ಣನ್ನು ತಟ್ಟೆಯ ಮೇಲಿಂದ ತಾನೇ ಗುಡಿಸಿ ಸೊನ್ನೆ ಬಂದ ಮೇಲೆಯೇ ಮುಂದಿನ ಗಾಡಿಗೆ ಕೈ ತೋರುವುದು, ಎಲ್ಲ ಗಾಡಿಗೂ ಇಷ್ಟು ಹಾಕು ಎಂದು ಮಹದೇವು ಹೇಳಿದಾಗ, ಕಬ್ಬು ನೋಡ್ದೆ ಕಸ ಎಂಗ್ ಬರೀಲಿ ಸಾ, ಅಂದನಂತೆ, ಅಷ್ಟೇ ಅಂದದ್ದು, ಜೋರು ಮಾತಲ್ಲ. ಈಗ ರೈತರು ತೂಕದ ಮೇಲೆ ದೂರು ಕೊಟ್ಟಿದ್ದಾರೆ, ತನಿಖೆಗೆ ಬರುತ್ತಾರೆ, ಬಂದವರು ಚೀಟಿ ನೋಡುತ್ತಾರೆ, ಚೀಟಿಯ ಮೇಲೆ ಒಂದೇ ಹೆಸರು, ಕಾಲೋನಿಯವನ ಹೆಸರು, ಕಳ್ಳ ಯಾರೆಂದು ಯಾರೂ ಎರಡನೇ ಸಲ ಕೇಳುವುದಿಲ್ಲ — ನಾನು ಎಲ್ಲ ಬಲ್ಲೆ, ಮಂಡ್ಯದ ಓದುವ ಬಳಗದಲ್ಲಿ ಭಾನುವಾರ ಭಾನುವಾರ ಚಾಪೆಯ ಮೇಲೆ ಕೂತು ತಕ್ಕಡಿ ಯಾರ ಕೈಯಲ್ಲಿದೆ ಎಂದು ಮೇಜು ಗುದ್ದಿದವಳು ನಾನೇ, ಮೇಜಿರಲಿಲ್ಲ, ನೆಲ ಗುದ್ದಿದ್ದು.

ಇದೇ ಆಜ್ಞೆ, ಇದೇ ಸಾಲು, ಹೋದ ವರ್ಷ ಲಿಂಗರಾಜಣ್ಣನೇ ಕೇಳಿ ಮಾಡಿಸಿಕೊಂಡಿದ್ದ, ಕಬ್ಬು ಎಳೆಯುವ ಸರಪಳಿಗೆ ಬಲಗೈ ಸಿಕ್ಕಿ ಬೆರಳು ಹೋದ ಮೇಲೆ ಅವನನ್ನು ತೂಕದ ಮನೆಗೆ ಹಾಕಿದ್ದು, ಆ ಕೈಯಲ್ಲಿ ಉಳಿದ ತೋರುಬೆರಳೊಂದರಲ್ಲೇ ಟಕ್, ಟಕ್ ಎಂದು ಟೈಪು ಮಾಡುತ್ತಾನೆ, ಅದೆಂತದೋ ಬ್ಯಾರೆ ಶೆಲ್ ಅದಂತಲ್ಲವ್ವ, ಅರ್ಧ ಬರುದ್ರೆ ಮಿಕ್ಕಿದ್ದ ಅದೇ ತುಂಬ್ತದಂತೆ, ನಂಗೂ ಒಂದ್ ಹಾಕ್ಕೊಡು, ಹಾಕಿಕೊಟ್ಟೆ, ಮಾರನೇ ದಿನ ಇಂಟರ್‌ಕಾಮಿನಲ್ಲಿ ಫೋನು, ಏನವ್ವ ಇದು, ನಾನು ಮನ್ಸಲ್ಲಿ ಅಂದ್ಕಳದ್ನೂ ಬರೀತದಲ್ಲ, ನಮ್ಮನೆಯೋಳ್ಗಿಂತ ವಾಸಿ, ನಕ್ಕಿದ್ದು ಗೊರಗೊರ ಕೇಳಿಸಿತು. ಮಗಳ ಮದುವೆಗೆ ಕರೆಯಲು ಹೊಳಲಿಗೆ ಬಂದಿದ್ದ, ನನ್ನವ್ವ ಚಲುವಮ್ಮ, ಬಾಪ್ಪ ಲಿಂಗರಾಜು, ಚೆಂದಾಗಿದ್ದೀಯ, ಮಕ್ಕಳು ಚೆಂದಾಗವ್ರಾ, ಎಲ್ಲ ಕೇಳಿದಳು, ಹೆಸರು ಗೊತ್ತು, ಮಕ್ಕಳ ಓದು ಗೊತ್ತು, ಜಗಲಿಯ ಮೇಲೆ ಕೂರಿಸಿದಳು, ಕಾಫಿ ಬಂದದ್ದು ಪೇಪರ್ ಲೋಟದಲ್ಲಿ, ಮನೆ ತುಂಬ ಸ್ಟೀಲು ಲೋಟ ಇಟ್ಟುಕೊಂಡು ಇಂಥವರಿಗೆಂದೇ ಮಂಡ್ಯದಿಂದ ಪೇಪರ್ ಲೋಟದ ಕಟ್ಟು ತರಿಸುತ್ತಾಳೆ, ತೊಳೆಯೋ ಕೆಲ್ಸ ಇಲ್ಲ ಕಣೆ ಅನ್ನುತ್ತಾಳೆ, ಅವನು ಕುಡಿದು ಲೋಟ ಮುದುರಿ ಜೇಬಿಗೆ ಹಾಕಿಕೊಂಡು ಎದ್ದ, ಎಲ್ಲಿ ಎಸೆಯಬೇಕೆಂದು ಕೇಳಲೂ ಇಲ್ಲ.

ಒತ್ತದಿದ್ದರೆ, ಒತ್ತದಿದ್ದರೆ ಮಹದೇವು ಇನ್ನೊಬ್ಬರ ಕೈಲಿ ಒತ್ತಿಸುತ್ತಾನೆ, ಕೋಣೆಗೆ ಬೇರೆಯವರು ಬರುತ್ತಾರೆ, ಲಿಂಗರಾಜಣ್ಣನಿಗೆ ಏನು ಲಾಭ, ನಾನಾದರೆ ಕೊನೆಪಕ್ಷ — ಕೊನೆಪಕ್ಷ ಏನು — ಒಂದು ದಾರಿ ಇದೆ, ನೋಲಾಗಿನ್ ಏನು ಹೇಳಬೇಕೆಂದು ನಾವೇ ಬರೆದಿಡಬಹುದು, ಒಂದು ಚಿಕ್ಕ ಫೈಲು, ಅದರಲ್ಲಿ ಬರೆದದ್ದೇ ಅವನ ಪರದೆಗೆ ಬರುತ್ತದೆ, ತೆರೆದೆ, ಬರೆದೆ, ಲಿಂಗರಾಜಣ್ಣ, ನಿಮ್ಮ ಹೆಸರಲ್ಲಿ ಕಳ್ಳತೂಕ ಹಾಕುತ್ತಿದ್ದಾರೆ, ಕುರ್ಚಿ ಬಿಟ್ಟು ಹೊರಗೆ ಬಂದು ರೈತರ ಮುಂದೆ ಹೇಳಿ, ಎಷ್ಟು ಸಣ್ಣ ಸಾಲು, ಓದಿದೆ, ಮಹದೇವು ಆ ಹೊತ್ತಿಗೆ ತೂಕದ ಮನೆಯಲ್ಲೇ ನಿಂತಿದ್ದರೆ, ಇದನ್ನು ಬರೆಯಬಲ್ಲವರು ಇಡೀ ಕಾರ್ಖಾನೆಯಲ್ಲಿ ಒಬ್ಬಳೇ, ಮತ್ತೆ ಪರದೆಯ ಮೇಲೆ ಅದು ಒಂದು ಮಿಂಚು ಮಿಂಚಿ ಹೋಗಿಬಿಡುತ್ತದೆ, ಓದುವಷ್ಟು ಹೊತ್ತು ನಿಲ್ಲುವುದಿಲ್ಲ, ಬರೆದೇನು ಉಪಯೋಗ, ಅಳಿಸಿದೆ, ಒಂದೊಂದೇ ಅಕ್ಷರ ಹಿಂದಕ್ಕೆ, ಕಳ್ಳತೂಕ ಹೋಯಿತು, ಹೆಸರು ಹೋಯಿತು, ಅಣ್ಣ ಹೋಯಿತು, ಆಮೇಲೆ ಆ ಇನ್ನೊಂದು ಸಾಲಿಗೆ ಬಂದು ಎಂಟರ್ ಒತ್ತಿದೆ. ಏನೂ ಸದ್ದಾಗಲಿಲ್ಲ. ಕೆಲಸ ಸರಿಯಾಗಿ ಆದರೆ ಯಂತ್ರ ಮಾತಾಡುವುದಿಲ್ಲ.

ಶಿಫ್ಟಿನ ಸೈರನ್ನು, ಕಿಟಕಿಯಾಚೆ ಮಳವಳ್ಳಿ ರಸ್ತೆಯವರೆಗೂ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಮುಂದೆ ನಿಂತಿರುವುದು ಕೊತ್ತತ್ತಿಯ ಚಿಕ್ಕಣ್ಣ, ಅವ್ವನ ತಮ್ಮ, ನನ್ನ ಸ್ವಂತ ಸೋದರಮಾವ, ಅವನ ಕಬ್ಬಿಗೂ ಕಸ ಬೀಳುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ, ಈ ಪಾಪದಲ್ಲಿ ಯಾರ ಪೈಕಿ ಯಾರು — ನನ್ನ ಪರದೆಯಲ್ಲಿ ಯಾರು ಬಂದರು ಯಾರು ಹೋದರು ಎಂಬ ಸಾಲುಗಳು ಏರುತ್ತಿವೆ, ಲಿಂಗರಾಜು, ತೆರೆಯಿತು, ಲಿಂಗರಾಜು, ಮುಚ್ಚಿತು, ಒಂದೇ ಕ್ಷಣದಲ್ಲಿ ಎರಡೂ, ಮತ್ತೆ ತೆರೆಯಿತು, ಮುಚ್ಚಿತು, ಪಾಸ್‌ವರ್ಡು ತಪ್ಪಾಯಿತೇನೋ ಎಂದು ನಿಧಾನವಾಗಿ ಹಾಕುತ್ತಿದ್ದಾನೆ, ಸರಿಯಾಗೇ ಇದೆಯಲ್ಲಣ್ಣ, ಪ್ರತಿ ಸಲವೂ ಸರಿಯಾಗೇ ಇದೆ. ಇಂಟರ್‌ಕಾಮು. ದೀಪಿಕವ್ವ, ನಿನ್ನ ಹೊಸಾ ಶೆಲ್ಲು ಯಾಕೋ ಕೈ ಕೊಡ್ತಾ ಅದೆ ಕಣವ್ವ, ಒಳಕ್ಕೆ ಬುಟ್ಟಂಗ್ ಮಾಡ್ತದೆ, ಏನೋ ಇಂಗ್ಲೀಸಲ್ಲಿ ಅಂತದೆ, ಮತ್ತೆ ಎಸ್ರೇ ಕೇಳ್ತದೆ. ಹಿಂದುಗಡೆ ಮಾವನ ಗಂಟಲು, ಯಾನ್ಲಾ ಲಿಂಗರಾಜು, ನಿಮ್ ಕಂಪ್ಯೂಟ್ರು ಮಲಗೋಯ್ತಾ, ನನ್ನ ಕಬ್ಬು ಟ್ರೇಲರ್ನಲ್ಲೇ ಬೆಲ್ಲ ಆಗೋಯ್ತದೆ, ಯಾರೋ ನಕ್ಕರು, ಮಾವನಿಗಿಂತ ಲಿಂಗರಾಜಣ್ಣ ಹತ್ತು ವರ್ಷಕ್ಕಾದರೂ ದೊಡ್ಡವನು, ಆದರೂ ಲಾ. ವಸಿ ತಡೀರಿ ಗೌಡ್ರೇ, ಉಡ್ಗಿ ಸರಿ ಮಾಡ್ಕೊಡ್ತಾಳೆ, ಅಂತ ಅವನು ಅವರಿಗೆ ಹೇಳಿ ಮತ್ತೆ ನನಗೆ, ಹಳೇ ಶೆಲ್ಲನ್ನೇ ಹಾಕ್ಬುಡವ್ವ, ನಿಧಾನ ಆದ್ರೂ ಆಗ್ಲಿ, ಒಂದ್ ಬೆಳ್ಳಲ್ಲೇ ಪೂರ್ತಿ ಬರ್ಕೋತೀನಿ, ಅಂದ — ಆಗಲೇ ಅವನ ಪಕ್ಕದ ಪ್ರಿಂಟರು ಕಿರ್ರೆಂದದ್ದು ಫೋನಿನಲ್ಲಿ ಕೇಳಿಸಿತು, ಚೀಟಿ ಹರಿದ ಸದ್ದು, ಕಿಟಕಿಯಾಚೆ ಮಾವ ಓದಿದ ಸದ್ದು, ಇಷ್ಟೊಂದ್ ಕಸಾನಾ, ಕಬ್ಬು ನೋಡೂ ಇಲ್ಲ ಗೀಡೂ ಇಲ್ಲ, ನಿನ್ನೆಸ್ರೇ ಅದಲ್ಲೋ ಇಲ್ಲಿ, ಕಳ್ಳನನ್ಮಗನೆ, ಈಚಿಗ್ ಬಾ, ಇನ್ನೂ ನಾಕು ದನಿ, ಈಚಿಗ್ ಬಾ, ಕುರ್ಚಿ ಸರಿದ ಸದ್ದು, ಲಿಂಗರಾಜಣ್ಣ ಫೋನು ಇಟ್ಟಿಲ್ಲ, ದನಿ ಕೆಳಗಾಗಿದೆ, ನಾನಿನ್ನೂ ಒಳಕ್ಕೇ ಓಗಿಲ್ಲ ಕಣವ್ವ, ನನ್ನೆಸ್ರಲ್ಲಿ ಚೀಟಿ ಬತ್ತಾ ಅದೆ, ಇದೆಂಗೆ, ನೀನಾದ್ರೂ ಬಂದು ಇವ್ರಿಗೆ ಯೋಳವ್ವ.

ಏಳಬೇಕು, ಮೆಟ್ಟಿಲಿಳಿದು ಅಂಗಳ ದಾಟಿದರೆ ತೂಕದ ಮನೆ, ಮಾವ ನನ್ನ ಮಾತು ಕೇಳುತ್ತಾನೆ, ನನ್ನ ಮಾತನ್ನಾದರೆ ಕೇಳುತ್ತಾನೆ, ಅದೇ ಕಾರಣಕ್ಕೆ ಏಳಬೇಕು, ಕಾಲು ನೆಲಕ್ಕಿಟ್ಟೆ, ಬಾಗಿಲಲ್ಲಿ ಮಹದೇವು, ಅಡಿಕೆ ಅಗಿಯುತ್ತಾ, ಏನಂತಮ್ಮ ಅವ್ನು, ಅಂತ ಹುಬ್ಬಿನಲ್ಲೇ ಕೇಳಿದ, ನನ್ನ ಬಾಯಿ ತೆರೆಯಿತು, ಅದರಿಂದ ಬಂದದ್ದು, ಇನ್ನೊಂದ್ಸಲ ಹಾಕಿ ನೋಡಿ ಅಣ್ಣ. ಆಗ್ಲವ್ವ, ಅಂದ ಫೋನಿನಲ್ಲಿ ಲಿಂಗರಾಜಣ್ಣ. ನಂಬಿದ. ಹೊರಗೆ ಅವರು ಬಾಗಿಲು ಗುದ್ದುತ್ತಿದ್ದಾರೆ, ಅವನು ಕೂತು ನಾನು ಹೇಳಿದಂತೆ ಹಾಕುತ್ತಿದ್ದಾನೆ, ಇಷ್ಟು ಸಲ ಹಾಕಿದ್ದಾನೆ, ನಾನು ಬರೆದಿಟ್ಟಿದ್ದರೆ ಇಷ್ಟೊತ್ತಿಗೆ ಓದಿಯೇ ಬಿಟ್ಟಿರುತ್ತಿದ್ದ, ಟಕ್, ಟಕ್, ಲಿಂಗರಾಜು, ತೆರೆಯಿತು, ಲಿಂಗರಾಜು, ಮುಚ್ಚಿತು, ಗಾಜು ಒಡೆದ ಸದ್ದು, ಲಿಂಗರಾಜು, ತೆರೆಯಿತು, ಮುಚ್ಚಿತು, ಟಕ್, ತೆರೆಯಿತು —