ಹಲ್ಲಿನ ಗುರುತು

"ಸುಂದ್ರಿ ಆಗಕ್ಕೆ ದವಡೆ ಕೊಯ್ಸ್ಕಂತಾರೇನವ್ವಾ?" ಎಂದು ಕೇಳಿದ ಗಂಗಾಧರಯ್ಯ ಆಸ್ಪತ್ರೆಯ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲ. ಅದೇ ಅವರಿಗೆ ಇನ್ನಷ್ಟು ಅನುಮಾನ.

ಮಗಳು ಜೀವಿತಾ ಅಟ್ಟದ ಏಣಿ ಹಿಡಿದು ನಿಂತಿದ್ದಳು. ಇಪ್ಪತ್ತೆರಡು ವರ್ಷ, ತಿಪಟೂರಿನಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಕೆಳದವಡೆ ಮುಂದಕ್ಕೆ ಬೆಳೆದು, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳು ಒಂದಕ್ಕೊಂದು ಕೂಡುತ್ತಲೇ ಇರಲಿಲ್ಲ. ಮೊದಲು ಕ್ಲಿಪ್ಪು ಹಾಕಿ ಹಲ್ಲು ಸಾಲಿಗೆ ತರುವುದು, ಆಮೇಲೆ ದವಡೆಯ ಮೂಳೆ ಕೊಯ್ದು ಹಿಂದಕ್ಕೆ ಸರಿಸುವುದು ಎಂದು ತುಮಕೂರಿನ ಡಾಕ್ಟರು ಹೇಳಿದ್ದರು. ಮನೆಯವರೊಬ್ಬರ ಸಹಿ ಬೇಕಿತ್ತು. ಅಪ್ಪ ಬೇಡವೆಂದರೆ ಬಿಟ್ಟೇಬಿಡುವುದು ಎಂದುಕೊಂಡು ಬಂದಿದ್ದಳು, ಪಾಪ, ಹಠ ಮಾಡಿ ಗೊತ್ತಿರದ ಹುಡುಗಿ.

ಗಂಗಾಧರಯ್ಯನವರೋ, ವರ್ಷ ಪೂರ್ತಿ ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಡಗಡ ಎಂದರೂ ನಂಬದೆ ಮತ್ತೊಮ್ಮೆ ಅಲ್ಲಾಡಿಸುವ ಆಸಾಮಿ. ಡಾಕ್ಟರ ಮೇಲೆ ಅನುಮಾನ, ಹೆಂಡತಿ ಸುವರ್ಣಮ್ಮನ ಮೇಲೂ ಅನುಮಾನ. ತಾವು ಉಂಡೆದ್ದ ಮೇಲೆ ತಾಯಿ ಮಗಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಉಣ್ಣುವುದಾದರೂ ಯಾಕೆ? ಒಳಗೆ ಏನೋ ಮಸಲತ್ತು. ಯಾವನೋ ಹುಡುಗ ಮುಖ ಸರಿ ಮಾಡಿಸಿಕೊಂಡು ಬಾ ಅಂದಿರಬೇಕು.

"ಯಾವನವ್ವ ಅವ್ನು? ಹೇಳ್ಬುಡು."

"ಯಾವನೂ ಇಲ್ಲ ಅಪ್ಪಾಜಿ. ಕಚ್ಚಕ್ಕಾಗಲ್ಲ, ಅಷ್ಟೇ."

"ಓಹೋ! ಇಷ್ಟು ವರ್ಷ ಗಾಳಿ ಕುಡ್ಕಂಡು ಬೆಳೆದ್ಯಾ?"

ಕೊಬ್ಬರಿ ಕೊಳ್ಳಲು ಬಂದವರ ಬಾಯಿಗೆ ಒಂದು ಚೂರು ಕೊಡುವುದು ಅವರ ರೂಢಿ. ಆಗ ತಾನೇ ಒಡೆದ ಕೊಬ್ಬರಿ ಗಿಟುಕಿನಿಂದ ಒಂದು ಹೋಳು ಕೊಯ್ದು ಮಗಳ ಕೈಗೆ ಕೊಟ್ಟರು.

"ಎಲ್ಲಿ, ಕಚ್ಚು ನೋಡಣ."

ಜೀವಿತಾ ಹೋಳನ್ನು ಹಲ್ಲಿಗೆ ಕೊಟ್ಟು ಒತ್ತಿದಳು. ಗದ್ದ ನಡುಗಿತು, ಕಣ್ಣಲ್ಲಿ ನೀರಾಡಿತು. ಹಾಗೇ ಹೊರಗೆ ತೆಗೆದು ಅಪ್ಪನ ಅಂಗೈ ಮೇಲಿಟ್ಟಳು. ಗಂಗಾಧರಯ್ಯ ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಒದ್ದೆಯಾಗಿತ್ತು, ಒಂದೇ ಒಂದು ಹಲ್ಲಿನ ಗುರುತೂ ಇರಲಿಲ್ಲ.

"ನಾಟ್ಕ ಆಡ್ಬ್ಯಾಡ ಕಣೇ. ಹಿಂಗೆ!" ಎಂದವರೇ ಅದೇ ಹೋಳನ್ನು ಕಟಕ್ಕನೆ ಕಚ್ಚಿದರು.

ಸುವರ್ಣಮ್ಮ ಒಳಗಿನಿಂದ ಬಂದರು. ಮುಖ ಕೆಂಪಗಾಗಿತ್ತು.

"ಸಾಕು ಬುಡ್ರೀ! ರೊಟ್ಟಿನೆಲ್ಲ ಹಾಲಲ್ಲಿ ನೆನೆಸಿ, ಕೊಬ್ರಿ ಕುಟ್ಟಿ ಪುಡಿ ಮಾಡಿ ತಿನ್ಸಿ ಸಾಕಿದೀನಿ. ನಿಮ್ಮೆದುರಿಗೆ ಕೂತು ಉಣ್ಣಕ್ಕೆ ಅವ್ಳಿಗೆ ನಾಚ್ಕೆ ಕಣ್ರೀ. ಆರನೇ ಕ್ಲಾಸಲ್ಲಿದ್ದಾಗ, 'ಮುದುಕಿ ಥರ ಮೆಲ್ತೀಯಲ್ಲೇ' ಅಂತ ನೆಂಟರ ಮುಂದೆ ನಕ್ಕಿದ್ರಲ್ಲ, ಅವತ್ತಿಂದ!"

ಗಂಗಾಧರಯ್ಯನವರಿಗೆ ಆ ಮಾತು ನೆನಪಿಗೇ ಬರಲಿಲ್ಲ. ಮಗಳ ಕಡೆ ನೋಡಿದರು. ಅವಳು ತಲೆ ತಗ್ಗಿಸಿದ್ದಳು.

ಬಾಯಲ್ಲಿದ್ದ ಚೂರನ್ನು ಒಂದು ಪಕ್ಕಕ್ಕೆ ತಳ್ಳಿಕೊಂಡು, ಪೆನ್ನಿಗೆ ಕೈ ಚಾಚಿದರು. ಜೀವಿತಾ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದರು. ಅವಳು ಕಾಗದ ಮಡಿಚಿಕೊಂಡು ಅಂಗಳ ದಾಟಿ ಹೋಗುವವರೆಗೂ, ಸದ್ದಾದೀತೆಂದು, ಕೊಬ್ಬರಿಯನ್ನು ಅಗಿಯದೆ ಹಾಗೇ ದವಡೆಯಲ್ಲಿ ಇಟ್ಟುಕೊಂಡು ನಿಂತಿದ್ದರು.