ಹೊರಕ್ಕೆ ಉಬ್ಬಿದ ತಗಡು

ಪೇಂಟರ್ ಹಿತ್ತಲ ನಲ್ಲಿಯ ಕೆಳಗೆ ಕೈ ಉಜ್ಜುತ್ತಲೇ ಇದ್ದ. ಸೋಪು ಆಯಿತು, ಸೀಮೆಎಣ್ಣೆ ಆಯಿತು, ಉಗುರಿನ ಸಂದಿಯ, ಗಾಡಿಯ ತಗಡಿಗೆ ಹಚ್ಚುವ ಬೂದು ಪುಟ್ಟಿ ಮಾತ್ರ ಜಗ್ಗಲಿಲ್ಲ.

"ಬಾರೋ, ಎತ್ತಬೇಕು," ಮೇಸ್ತ್ರಿಯ ತಮ್ಮ ಬಾಗಿಲಲ್ಲಿ ನಿಂತು ಕರೆದ.

"ಕೈ ಕೊಳಕಾಗಿದೆ."

"ಅಣ್ಣ ಅಂಥ ಕೈಲೇ ಇಪ್ಪತ್ತು ವರ್ಷ ಉಂಡಿದ್ದಾನೆ. ಏನೂ ಅಂದ್ಕೊಳ್ಳಲ್ಲ, ಬಾ."

ಮೇಸ್ತ್ರಿ ಚಾಪೆಯ ಮೇಲಿದ್ದ. ತಲೆಯ ಹಿಂಭಾಗ ಕಾಣದ ಹಾಗೆ ಆಸ್ಪತ್ರೆಯವರು ಬಟ್ಟೆ ಸುತ್ತಿ ಕಳಿಸಿದ್ದರು. ಜಜ್ಜಿಹೋದ ಗಾಡಿಗಳ ತಗಡು ಬಡಿದು ನೆಟ್ಟಗೆ ಮಾಡುವುದು ಅವನ ಕಸುಬು. ಅವನ ತಲೆಯನ್ನು ನೆಟ್ಟಗೆ ಮಾಡುವವರು ಯಾರೂ ಇರಲಿಲ್ಲ.

"ನನ್ನ ಮದುವೆ ದಿನ ಎಲ್ಲರೂ ಹುಡುಗೀನ ನೋಡಿದ್ರೆ ಇವನು ಬಾಡಿಗೆ ಕಾರು ಸವರ್ತಾ ನಿಂತಿದ್ದ," ಪಕ್ಕದ ಮನೆಯವನು ಹೇಳುತ್ತಿದ್ದ. "ಇದು ಒಂದ್ಸಲ ಪಲ್ಟಿ ಹೊಡೆದಿದೆ ಅಂದ. ನಮ್ಮ ಮಾವನಿಗೆ ಊಟ ಸೇರಲಿಲ್ಲ."

ಯಾರೋ ನಕ್ಕು, ತಕ್ಷಣ ಕೆಮ್ಮಿದರು.

ಹೊಸ್ತಿಲ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪೇದೆ ಕೂತಿದ್ದ. ಬೆಳಗಿನಿಂದ ಮೂರು ಸಲ ಟೀ ಕುಡಿದಿದ್ದ, ಈ ಮನೆಯದೇ ಟೀ. ಮೇಸ್ತ್ರಿಯ ಹೆಂಡತಿ ಹತ್ತಿರ ಬಂದದ್ದೇ ಕಾಗದ ಚಾಚಿದ.

"ಇಲ್ಲೊಂದು ಸೈನ್ ಹಾಕಮ್ಮ. ಆಮೇಲೆ ನಿಮ್ಮ ಪಾಡಿಗೆ ನೀವು ಮಣ್ಣು ಮಾಡ್ಕೊಳ್ಳಿ."

"ಏನಂತ ಬರೆದಿದೆ?"

"ಪೊಲೀಸ್ ವ್ಯಾನಿನಿಂದ ಇಳಿಯುವಾಗ ಕಾಲು ಜಾರಿ ಬಿದ್ದು ತಲೆಗೆ ಪೆಟ್ಟು. ಯಾರ ಮೇಲೂ ದೂರಿಲ್ಲ. ಅಷ್ಟೇ."

"ಹಾಕದಿದ್ರೆ?"

"ಮತ್ತೆ ಆಸ್ಪತ್ರೆ, ಮತ್ತೆ ಕೊಯ್ಯೋದು. ಅವರನ್ನ ಯಾಕಮ್ಮ ಅಲೆದಾಡಿಸ್ತೀಯ? ಪಾಪ."

ಅವಳು ಪೆನ್ನು ಹಿಡಿದುಕೊಂಡಳು.

*

ಪೇಂಟರ್ ಗ್ಯಾರೇಜಿಗೆ ಸೇರಿದ ಹೊಸತರಲ್ಲಿ ಮೇಸ್ತ್ರಿ ಅವನ ಕೈ ಹಿಡಿದು ಒಂದು ಪೊಲೀಸ್ ವ್ಯಾನಿನ ಮೈಮೇಲೆ ಇಟ್ಟಿದ್ದ.

"ಕಣ್ಣು ಮುಚ್ಕೊಂಡು ಹೇಳು. ಏನಿದೆ?"

"ಉಬ್ಬಿದೆ."

"ಹೊರಗಿಂದ ಬಿದ್ದ ಪೆಟ್ಟು ತಗಡನ್ನ ಒಳಕ್ಕೆ ತಳ್ಳುತ್ತೆ. ಇದು ಹೊರಕ್ಕೆ ಬಂದಿದೆ. ಈ ವ್ಯಾನುಗಳದ್ದು ಯಾವಾಗಲೂ ಹೀಗೇ."

"ಯಾಕೆ ಮೇಸ್ತ್ರಿ?"

"ಒಳಗಿರೋರ ಕೈ ಹಿಂದಕ್ಕೆ ಕಟ್ಟಿರ್ತಾರೆ. ಬೆಂಚಿಗೆ ಬೆಲ್ಟಿಲ್ಲ, ಹಿಡ್ಕೊಳ್ಳೋಕೆ ಕಂಬಿಯಿಲ್ಲ. ಡ್ರೈವರಿಗೆ ಬೇಜಾರಾದ್ರೆ ಜೋರಾಗಿ ಓಡಿಸಿ ಬ್ರೇಕ್ ಹಾಕ್ತಾನೆ." ಸುತ್ತಿಗೆ ಎತ್ತಿಕೊಂಡ. "ನೀನು ಪುಟ್ಟಿ ಕಲಸು. ಕೈಯಾಡಿಸಿದ್ರೂ ಗೊತ್ತಾಗಬಾರದು. ಗೊತ್ತಾದ್ರೆ ಅದು ಕೆಲಸ ಅಲ್ಲ."

ಅದರ ಬಗ್ಗೆ ಅವರಿಬ್ಬರೂ ಮತ್ತೆ ಮಾತಾಡಲಿಲ್ಲ. ವರ್ಷಕ್ಕೆ ಏಳೆಂಟು ವ್ಯಾನು ಬರುತ್ತಿದ್ದವು. ಬಡಿದರು, ಬಳಿದರು, ಕಳಿಸಿದರು.

ನಿನ್ನೆ ಬೆಳಿಗ್ಗೆಯೂ ಒಂದು ಬಂತು. ತುರ್ತು ಅಂದರು. ಮೇಸ್ತ್ರಿ ಬಂದಿರಲಿಲ್ಲ. ಕಳುವಾದ ಬಿಡಿಭಾಗಗಳ ವಿಚಾರಣೆ ಅಂತ ಮೊನ್ನೆ ಸಂಜೆ ಅವನನ್ನು ಮನೆಯಿಂದಲೇ ಕರೆದುಕೊಂಡು ಹೋದದ್ದು ಗ್ಯಾರೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪೇಂಟರ್ ತಾನೇ ಸುತ್ತಿಗೆ ಹಿಡಿದ. ಮೊದಲ ಸಲ ಒಬ್ಬನೇ ಬಡಿದು, ಪುಟ್ಟಿ ಹಚ್ಚಿ, ತಿಕ್ಕಿದ. ಕಣ್ಣು ಮುಚ್ಚಿ ಕೈಯಾಡಿಸಿದ. ಏನೂ ಸಿಗಲಿಲ್ಲ. ಮೇಸ್ತ್ರಿ ಬಂದರೆ ತೋರಿಸಬೇಕು ಅಂದುಕೊಂಡ.

ಮಧ್ಯಾಹ್ನ ಸುದ್ದಿ ಬಂತು.

*

"ಅಕ್ಕ, ಸೈನ್ ಹಾಕಬೇಡಿ."

ಎಲ್ಲರೂ ಪೇಂಟರ್ ಕಡೆ ತಿರುಗಿದರು. ಅವನು ನೆಲ ನೋಡಿಕೊಂಡೇ ಹೇಳಿದ. "ಇವರ ಸ್ಟೇಷನ್ನಿನ ಆ ವ್ಯಾನು ನಿನ್ನೆ ಬೆಳಿಗ್ಗೆಯಿಂದ ನಮ್ಮ ಗ್ಯಾರೇಜಲ್ಲೇ ಇದೆ. ತಗಡು ಹೊರಕ್ಕೆ ಬಂದಿತ್ತು. ನಾನೇ ಬಡಿದೆ. ಗೊತ್ತಿರಲಿಲ್ಲ ಅಕ್ಕ."

ಮೇಸ್ತ್ರಿಯ ತಮ್ಮ ಎದ್ದು ಬಂದು ಅವನ ಕೊರಳಪಟ್ಟಿ ಹಿಡಿದ. ಹಿಡಿದುಕೊಂಡು ಏನು ಮಾಡಬೇಕೆಂದು ತೋಚದೆ ಹಾಗೇ ನಿಂತ.

"ಎಷ್ಟು ಎತ್ತರದಲ್ಲಿತ್ತು?" ಅವಳು ಕೇಳಿದಳು.

"ಬೆಂಚಿನ ಮೇಲೆ ಕೂತರೆ... ತಲೆ ಬರುವಷ್ಟು."

"ಏ, ಗಾಡಿ ಅಂದಮೇಲೆ ಡೆಂಟು ಆಗದೆ ಇರುತ್ತಾ?" ಪೇದೆ ಎದ್ದ. "ಅಮ್ಮಾ, ಹೊತ್ತಾಗುತ್ತೆ."

"ಇನ್ನು ಅವರಿಗೆ ಯಾವ ಹೊತ್ತು? ನಾನು ನೋಡಿ ಬರ್ತೀನಿ." ಪೆನ್ನನ್ನು ಅವನ ಕುರ್ಚಿಯ ಮೇಲಿಟ್ಟು ಮೆಟ್ಟಿಲಿಳಿದಳು.

ಗ್ಯಾರೇಜು ಹಿಂದಿನ ಬೀದಿಯಲ್ಲೇ. ಮೇಸ್ತ್ರಿ ಸತ್ತನೆಂದು ಮಾಲೀಕ ರಜೆ ಕೊಟ್ಟಿದ್ದ. ಬೀಗದ ಕೈ ಪೇಂಟರ್ ಹತ್ತಿರವೇ ಇತ್ತು. ವ್ಯಾನು ಅಂಗಳದಲ್ಲಿ ನಿಂತಿತ್ತು. ಅವಳು ಹೊರಗಿನ ಬಣ್ಣ ನೋಡಲೇ ಇಲ್ಲ. ಹಿಂದಿನ ಬಾಗಿಲು ತೆಗೆಸಿ ಹತ್ತಿದಳು, ಕಬ್ಬಿಣದ ಬೆಂಚಿನ ಮೇಲೆ ಕೂತಳು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

"ಬಾಗಿಲು ಹಾಕಿ ಓಡಿಸು."

"ಅಕ್ಕ, ಬೇಡ."

"ಕಾಲು ಜಾರಿತು ಅಂತ ಬರೀಬೇಕಲ್ಲ ನಾನು. ಜಾರುತ್ತೋ ಇಲ್ವೋ ಗೊತ್ತಾಗಬೇಕಲ್ಲ. ಓಡಿಸಪ್ಪ."

ಅವನು ಹತ್ತಿ ಕೂತು ಗಾಡಿ ಚಾಲೂ ಮಾಡಿದ. ಒಂದನೇ ಗೇರಿನಲ್ಲಿ ವ್ಯಾನು ಅಂಗಳದ ಸುತ್ತ ತೆವಳತೊಡಗಿತು. ಪಂಕ್ಚರಾದ ಟೈರುಗಳ ರಾಶಿ, ನೀರಿನ ತೊಟ್ಟಿ, ಗೇಟು. ಮತ್ತೆ ಟೈರುಗಳ ರಾಶಿ. ಬೆನ್ನ ಹಿಂದಿನ ಜಾಲರಿಯಾಚೆಯಿಂದ ಅವಳ ದನಿ ಬಂತು, ಅಡುಗೆಮನೆಯಿಂದ ಏನೋ ಕೇಳುವ ಹಾಗೆ.

"ಈಗ ಬ್ರೇಕ್ ಹಾಕು."

ಪೇದೆ ಕಾಗದ ಹಿಡಿದುಕೊಂಡು ಓಡಿ ಬರುವುದು ಅವನಿಗೆ ಕಂಡಿತು. ಪೇದೆಗಿಂತ ಮುಂದೆ ಬಂದ ಮೇಸ್ತ್ರಿಯ ತಮ್ಮ ಒಳನುಗ್ಗಿ, ಗೇಟು ಎಳೆದು, ಒಳಗಿನಿಂದ ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತ. ಪೇದೆ ತಗಡಿನ ಗೇಟು ಬಡಿಯತೊಡಗಿದ.

"ಹಾಕಪ್ಪ."

ಎಷ್ಟು ಮೆಲ್ಲಗೆ ನಿಲ್ಲಿಸಿದರೂ ಅದು ಬ್ರೇಕೇ. ಪೇಂಟರ್ ಬಲಗಾಲನ್ನು ಪೆಡಲಿನಿಂದ ದೂರ ಎಳೆದುಕೊಂಡು ಸ್ಟಿಯರಿಂಗ್ ಅಷ್ಟನ್ನೇ ಬಿಗಿಯಾಗಿ ಹಿಡಿದಿದ್ದ. ವ್ಯಾನು ಅದರ ಪಾಡಿಗೆ ಅದು, ನಡೆಯುವವರ ವೇಗದಲ್ಲಿ, ಟೈರುಗಳನ್ನೂ ತೊಟ್ಟಿಯನ್ನೂ ಗೇಟಿಗೆ ಬೆನ್ನು ಕೊಟ್ಟು ನಿಂತವನನ್ನೂ ದಾಟಿ ಸುತ್ತುತ್ತಲೇ ಇತ್ತು.