ವಿಷಬಳ್ಳಿಗೆ ಹೆದರದ ಕೈ

ಪರಪರ, ಪರಪರ — ಆಸ್ಪತ್ರೆಯ ಎತ್ತರದ ಮಂಚಕ್ಕೆ ಹಾಸಿದ ಬಿಳಿ ಕಾಗದ ಟ್ಯಾನ್ಸಿಯ ಮಂಡಿಯ ಕೆಳಗೆ ಹರಿಯುತ್ತಿದೆ, ಮಗು ಒಂದು ಗಳಿಗೆ ಸುಮ್ಮನೆ ಕೂರುವುದಿಲ್ಲ, ಕೂರುವುದಾದರೂ ಹೇಗೆ, ಅಂಥ ತುರಿಕೆ, ಕೈ ಮತ್ತೆ ಮತ್ತೆ ಬೆನ್ನಿಗೆ ಹೋಗುತ್ತದೆ, ಡೆಲ್ಫಾ ಆ ಪುಟ್ಟ ಕೈಯನ್ನು ಹಿಡಿದು ಮುಂದಕ್ಕೆ ತರುತ್ತಾಳೆ, ಬೇಡ ಚಿನ್ನಾ ಕೆರ್ಕೋಬೇಡ, ನರ್ಸಮ್ಮ ಈಗ ಬಂದ್ಬಿಡ್ತಾರೆ, ಅಜ್ಜೀ ಅಪ್ಪ ಎಲ್ಲಿ, ಹೊರಗಿದಾನೆ ಕಣೇ, ಯಾಕೆ ಒಳಗೆ ಬರಲ್ಲ, ಬರ್ತಾನೆ ಬರ್ತಾನೆ — ಬರುವುದಿಲ್ಲ, ಬರಗೊಡುವುದಿಲ್ಲ, ಎಲ್ಡನ್ ಹೊರಗೆ ಬೆಂಚಿನ ಮೇಲೆ ಪೊಲೀಸಿನವನ ಪಕ್ಕ ಕೂತಿದ್ದಾನೆ, ಕೂತಿರಲಿ, ಮೊಮ್ಮಗಳ ಮೇಲೆ ಕೈ ಮಾಡಿದವನು ಅಳಿಯನಾದರೇನು ಮತ್ತೊಬ್ಬನಾದರೇನು. ಆ ಬೆನ್ನಿನ ಕಡೆ ಮಾತ್ರ ನೋಡಬಾರದು, ಬೆಳಿಗ್ಗೆ ನೋಡಿದ್ದು ಸಾಕು, ಎಲ್ಡನ್ ಮರದ ಲಾರಿ ಹತ್ತುವ ಹೊತ್ತಿಗೆ ಬಂದು ಮಗುವನ್ನು ವಹಿಸಿಕೊಳ್ಳುವುದು ಮಗಳು ರೆನಾ ತೀರಿಕೊಂಡಾಗಿನಿಂದ ನಡೆದು ಬಂದದ್ದು, ಇವತ್ತೂ ಹಾಗೇ ಬಂದಳು, ರಾತ್ರಿಯೆಲ್ಲ ಅತ್ಲು ಮಿಸ್ ಡೆಲ್ಫಾ, ಬೆನ್ನಿಗೆ ಏನೋ ಕಚ್ಚಿರ್ಬೇಕು, ಬಿಸಿನೀರು ಹಾಕಿ ಉಜ್ಜಿದೀನಿ, ಅಂತ ಹೇಳಿ ಅವನು ಹೋದ, ಇವಳು ಅಂಗಿ ಬದಲಿಸೋಣವೆಂದು ಎತ್ತಿದಳು, ಕಿಟಕಿಯಿಂದ ಇನ್ನೂ ಮಬ್ಬು ಬೆಳಕು — ಬೆನ್ನಿನ ನಟ್ಟನಡುವೆ ಕೆಂಪಗೆ ಊದಿಕೊಂಡು ಒಂದು ಕೈ. ಕೈ! ಅಂಗೈ, ಹೆಬ್ಬೆರಳು, ಬೆರಳುಗಳು. ಅಂಗಿಯನ್ನು ಹಾಗೇ ಇಳಿಬಿಟ್ಟಳು, ಇನ್ನೊಮ್ಮೆ ಎತ್ತಿ ನೋಡುವ ಧೈರ್ಯ ಬರಲಿಲ್ಲ. ಏನೋ ಕಚ್ಚಿದೆಯಂತೆ! ಯಾವ ಹುಳ ಕಚ್ಚಿದರೆ ಬೆರಳು ಮೂಡುತ್ತವೆ? ಯಾರೇ ಮುಟ್ಟಿದ್ದು ಕಂದಾ, ಅಪ್ಪ ಉಜ್ಜಿದ, ಉರೀತು, ನಾನು ಅತ್ಬಿಟ್ಟೆ — ಇನ್ನೇನು ಕೇಳಬೇಕಿತ್ತು, ಫೋನು ಎತ್ತಿದವಳು ಕೆಳಗಿಡುವಷ್ಟರಲ್ಲಿ ಜಿಲ್ಲಾ ಕಚೇರಿಗೆ ಎಲ್ಲವನ್ನೂ ಹೇಳಿಯಾಗಿತ್ತು.

ಮಕ್ಕಳ ರಕ್ಷಣೆಯ ಕಚೇರಿಯ ಹೆಂಗಸು ಬಂದಳು, ಪೊಲೀಸಿನವನು ಬಂದ, ಗರಗಸದ ಕಾರ್ಖಾನೆಯ ಅಂಗಳದಿಂದ ಎಲ್ಡನ್‌ನನ್ನು ಕರೆಸಿದರು, ಮರದ ಹೊಟ್ಟು ಮೆತ್ತಿದ ಗಡ್ಡದಲ್ಲೇ ಓಡಿಬಂದ, ಮಗೂಗೆ ಏನಾಯ್ತು, ಏನಾಯ್ತು ಅನ್ನುತ್ತ, ವಿಷಯ ತಿಳಿದ ಮೇಲೆ ಕಿರುಚಲಿಲ್ಲ, ಕಿರುಚಿದ್ದರೆ ಎಷ್ಟೋ ಚೆನ್ನಾಗಿತ್ತು, ಇವಳ ಕಡೆ ತಿರುಗಿ, ಮಿಸ್ ಡೆಲ್ಫಾ, ನೀವು ನನ್ನ ಇಷ್ಟು ವರ್ಷ ನೋಡಿದೀರಿ, ನೀವಾದ್ರೂ ಇವ್ರಿಗೆ ಹೇಳಿ. ಇವಳೇನು ಅಂದಳು? ನೋಡಿದೀನಪ್ಪ, ನಿಮ್ಮನೆ ಬಾಗಿಲನ್ನೂ ನೋಡಿದೀನಿ. ಅಷ್ಟೇ ಅಂದದ್ದು, ಅಷ್ಟು ಸಾಕಾಯಿತು, ಯಾವ ಬಾಗಿಲು ಅಂತ ಆ ಹೆಂಗಸು ಕೇಳಿದಳು, ಇವಳು ತೋರಿಸಿದಳು, ಅಡುಗೆಮನೆಯ ಬಾಗಿಲಿನಲ್ಲಿ ಮುಷ್ಟಿಯಷ್ಟು ತೂತು, ರೆನಾಳ ಕಾಯಿಲೆ ಇನ್ನು ವಾಸಿಯಾಗದು ಎಂದು ಡಾಕ್ಟರು ಹೇಳಿದ ದಿನ ಗುದ್ದಿದ್ದು — ಯಾವ ದಿನ ಗುದ್ದಿದ್ದು ಅನ್ನುವುದನ್ನು ಇವಳು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಗುದ್ದುವವನು ಗುದ್ದುವವನೇ. ಇವತ್ತು ರಾತ್ರಿ ಮಗು ಅವನ ಮನೆಯಲ್ಲಿ ಮಲಗುವ ಹಾಗಿಲ್ಲ, ಮುಂದಿನದನ್ನು ನ್ಯಾಯಾಧೀಶರು ನೋಡುತ್ತಾರೆ ಅಂದಳು ಆ ಹೆಂಗಸು, ಎಷ್ಟು ದಿನವೋ, ಅಥವಾ ಎಂದಿಗೂ ಇಲ್ಲವೋ. ಆಗ ಅವನ ಮುಖ — ಬಿಡು, ಮುಖ ನೋಡಿ ಕರಗುವವಳಲ್ಲ ಈ ಡೆಲ್ಫಾ ಕಾಡಿಲ್.

ಮೊದಲಿನಿಂದಲೂ ಅವನು ಬೇರೆಯೇ, ನಮ್ಮ ಕಣಿವೆಯವನಲ್ಲ, ಓಹಾಯೋ ಕಡೆಯವನು, ನಮ್ಮ ಪದ್ಧತಿಯೊಂದೂ ಅವನಿಗೆ ಹಿಡಿಸದು, ಈ ವಸಂತದಲ್ಲಿ ಎಲೆಯ ಜಗಳವೇ ಆಗಲಿಲ್ಲವೇ, ಮುಟ್ಟಿದವರ ಮೈಗೆಲ್ಲ ಗುಳ್ಳೆ ಏಳಿಸುವ ವಿಷಬಳ್ಳಿ ಚಿಗುರೊಡೆದ ವಾರ, ಮೂರು ಮೂರಾಗಿ ಕೆಂಪಗೆ ಹೊಳೆಯುವ ಎಳೆ ಎಲೆ, ಡೆಲ್ಫಾ ಚಿಕ್ಕವಳಿದ್ದಾಗ ಅವಳ ತಾತ ಅದರಲ್ಲೊಂದನ್ನು ಕಿತ್ತು ಬೆಣ್ಣೆ ಸವರಿದ ಬ್ರೆಡ್ಡಿನ ನಡುವೆ ಇಟ್ಟು ಮೊಮ್ಮಕ್ಕಳಿಗೆಲ್ಲ ತಿನ್ನಿಸುತ್ತಿದ್ದ, ನುಂಗೇ ಹುಡುಗಿ, ಅಗೀಬೇಡ, ಹೆಸರಾಂತ ಕಾಡಿಲ್ ರಕ್ತ ಇದು, ಇದನ್ನ ವಿಷ ಏನು ಮಾಡತ್ತೆ! ವರ್ಷಕ್ಕೊಂದು ಎಲೆ ಹೊಟ್ಟೆಗೆ ಹೋದರೆ ಮೈ ಪಳಗುತ್ತದಂತೆ, ಆಮೇಲೆ ಬಳ್ಳಿಯಲ್ಲೇ ಉರುಳಾಡಿದರೂ ಒಂದು ಗುಳ್ಳೆ ಏಳದು, ಚಿಕ್ಕಪ್ಪನ ಮಗಳು ಜಿನೆವ ತುಟಿ ಗಂಟಲು ಎಲ್ಲ ಊದಿ ಉಸಿರು ಸಿಕ್ಕಿಕೊಂಡು ಸಾಯುವ ಹಾಗಾಗಿದ್ದಳು, ಆದರೂ ಯಾರೂ ತಾತನನ್ನು ತಪ್ಪು ಅನ್ನಲಿಲ್ಲ, ಆ ಹುಡುಗಿಯ ತಾಯಿಯ ಕಡೆ ರಕ್ತವೇ ತೆಳು ಅಂದರು. ಡೆಲ್ಫಾಳಿಗೆ ಮಾತ್ರ ಏನೂ ಆಗಲಿಲ್ಲ, ಈವರೆಗೂ ಆಗಿಲ್ಲ. ಟ್ಯಾನ್ಸಿಗೂ ಒಂದೆಲೆ ಕೊಡೋಣವೆಂದು ಬೆಣ್ಣೆ ಸವರುತ್ತಿರುವಾಗ ಎಲ್ಡನ್ ಅವಳ ಕೈಯಿಂದ ಅದನ್ನು ಕಸಿದು ಒಲೆಗೆ ಎಸೆಯಲು ಹೋದ, ಅಯ್ಯೋ ಒಲೆಗೆ ಹಾಕ್ಬೇಡವೋ, ಹೊಗೆ ಕುಡಿದ್ರೆ ಎದೆಗೂಡೆಲ್ಲ ಸುಟ್ಟೋಗತ್ತೆ, ಹಾಗಂತ ಇವಳೇ ಕೂಗಿದಳು, ಅವನು ನಿಂತು ನೋಡಿದ, ಹೊಗೆ ಕುಡಿದ್ರೆ ಸುಡೋದನ್ನ ನನ್ನ ಮಗಳಿಗೆ ತಿನ್ನಿಸ್ತಿದೀರಾ ಮಿಸ್ ಡೆಲ್ಫಾ? ಮುಖಕ್ಕೆ ಹೊಡೆದ ಹಾಗಾಯಿತು, ವಾರವೆಲ್ಲ ಮಾತು ಬಿಟ್ಟಿದ್ದಳು. ಈಗ ನೋಡು, ಎಲೆ ತಿನ್ನಿಸುವುದು ತಪ್ಪಂತೆ, ಬಾರಿಸುವುದು ಸರಿಯಂತೆ.

ಬಾಗಿಲು ತೆರೆಯಿತು, ಟ್ಯಾಕೆಟ್ ನರ್ಸಮ್ಮ, ದಪ್ಪ ಕನ್ನಡಕ, ಆಚೆ ಹಳ್ಳದವರು, ಇವರ ತಾಯಿಯನ್ನು ಡೆಲ್ಫಾ ಬಲ್ಲಳು, ಹಿಂದೆಯೇ ಕಚೇರಿಯ ಹೆಂಗಸು, ಏನಮ್ಮಾ ಟ್ಯಾನ್ಸಿ, ನಿನ್ನ ಬೆನ್ನು ನಂಗೆ ತೋರಿಸ್ತೀಯಾ, ಕಾಗದ ಪರಪರ, ಡೆಲ್ಫಾ ಗೋಡೆಯ ಮೇಲಿನ ಹಲ್ಲುಜ್ಜುವ ಮೊಸಳೆಯ ಚಿತ್ರವನ್ನು ನೋಡುತ್ತಾಳೆ, ಮೊಸಳೆಗೆ ಎಷ್ಟು ಹಲ್ಲು, ದೀಪ ಹೊತ್ತಿದ ಸದ್ದು, ಆಮೇಲೆ ಹೂಂ, ಆಮೇಲೆ ಇನ್ನೊಂದು ಹೂಂ, ಅಯ್ಯೋ ದೇವ್ರೆ, ಇದು ಹೊಡ್ತ ಅಲ್ವೇ ಅಲ್ಲ. ಏನು? ಹೊಡ್ತ ಅಲ್ಲ ಕಣ್ರೀ, ಬಾಸುಂಡೆಯಾಗಿದ್ರೆ ನೀಲಿಗಟ್ಟಬೇಕಿತ್ತು, ಇಲ್ನೋಡಿ, ಸಣ್ಣ ಸಣ್ಣ ನೀರ್ಗುಳ್ಳೆ, ಬೆಳಿಗ್ಗೆಗಿಂತ ಈಗ ಜಾಸ್ತಿಯಾಗಿರ್ಬೇಕು, ಅಪ್ಪಟ ವಿಷಬಳ್ಳಿ ಇದು. ವಿಷಬಳ್ಳಿ! ನಗು ಬಂತು ಡೆಲ್ಫಾಳಿಗೆ, ನಗು ಅಲ್ಲ, ಗಂಟಲಿನಿಂದ ಏನೋ ಒಂದು ಸದ್ದು, ನಮ್ಮ ವಂಶಕ್ಕೆ ಅದು ಹತ್ತಲ್ಲ ರೀ, ನಂಗೊಂದು ಸಲವೂ ಆಗಿಲ್ಲ, ಅಲ್ಲದೆ ಬಳ್ಳಿ ಕೈಯಾಕಾರ ಯಾಕೆ ಮೂಡತ್ತೆ? ನರ್ಸಮ್ಮ ಹತ್ತಿಯನ್ನು ಗುಲಾಬಿ ಬಣ್ಣದ ಔಷಧಿಯಲ್ಲಿ ಅದ್ದುತ್ತ, ಬಳ್ಳಿ ಮೂಡ್ಸಿಲ್ಲ, ಬಳ್ಳಿ ಮುಟ್ಟಿದ ಕೈ ಮೂಡ್ಸಿದೆ, ಅದರ ಎಣ್ಣೆ ಕಣ್ಣಿಗೆ ಕಾಣಲ್ಲ, ಕೈಗೆ, ಕೈಗವಸಿಗೆ, ಕತ್ತಿ ಹಿಡಿಗೆ, ನಾಯಿ ಮೈಗೆ ಎಲ್ಲದಕ್ಕೂ ಮೆತ್ತಿಕೊಳ್ಳತ್ತೆ, ಯಾರೋ ಮೆತ್ತಿದ ಕೈಯಲ್ಲೇ ಮಗೂನ ಎತ್ಕೊಂಡಿದಾರೆ, ಗುಳ್ಳೆ ಏಳೋಕೆ ಎರಡು ಮೂರು ದಿನ ಹಿಡಿಯತ್ತೆ, ಅಷ್ಟೊತ್ತಿಗೆ ಎಲ್ರಿಗೂ ಮರ್ತುಹೋಗಿರತ್ತೆ.

ಎಲ್ಡನ್! ಅವನೇ! ಡೆಲ್ಫಾ ಆ ಮಾತಿಗೆ ಎರಡೂ ಕೈಯಲ್ಲಿ ಜೋತುಬಿದ್ದಳು, ದಿನಾ ಮರ ಹೊರುವವನು, ಮರಕ್ಕೆಲ್ಲ ಆ ಬಳ್ಳಿ ಸುತ್ತಿರುತ್ತದೆ, ಅವನದೇ ಕೈ, ಹೊಡೆಯದಿದ್ದರೆ ಹೋಗಲಿ, ತೊಳೆಯದ ಕೈಯಲ್ಲಿ ಮಗುವನ್ನು ಮುಟ್ಟಿದ್ದಾನೆ, ಅಷ್ಟಾದರೂ ಅವನ ಮೇಲಿರಲಿ ದೇವರೇ, ಅಷ್ಟಾದರೂ! ಅವನ ಕೈಯೇ ಇರ್ಬೇಕು ರೀ, ಅಂದೇಬಿಟ್ಟಳು. ಕಚೇರಿಯ ಹೆಂಗಸು ಬಾಗಿ ನೋಡಿದಳು, ಆ ಮನುಷ್ಯನ ಕೈ ಸಲಿಕೆ ಥರ ಇದೆ, ಇದು ಅಷ್ಟು ದೊಡ್ಡದಲ್ವಲ್ಲ. ಅಲ್ಲ, ಇದು ಹೆಂಗಸಿನ ಕೈ, ನರ್ಸಮ್ಮ ಹತ್ತಿ ಒತ್ತುತ್ತ, ಕೇಳಿಸ್ಕೊಳ್ಳಿ ಡೆಲ್ಫಾ, ಇನ್ನು ಬಿಸಿನೀರು ಬೇಡ, ತಣ್ಣೀರು ಬಟ್ಟೆ ಹಾಕಿ, ಓಟ್ಸ್ ಹಿಟ್ಟು ಕಲಸಿದ ತಣ್ಣೀರಲ್ಲಿ ಕೂರಿಸಿ, ಗುಳ್ಳೆ ಒಡೆದ್ರೆ ಹೆದರ್ಬೇಡಿ, ಆ ನೀರಿಂದ ಹರಡಲ್ಲ, ಹರಡೋದು ಎಣ್ಣೆಯಿಂದ, ಮಗು ಹಾಕ್ಕೊಂಡಿದ್ದ ಬಟ್ಟೆ, ಮುಟ್ಟಿದೋರ ಬಟ್ಟೆ, ಎಲ್ಲ ಬೇರೆ ಒಗೀರಿ, ಬಳ್ಳಿ ಮುಟ್ಟಿದ ಕೂಡ್ಲೆ ತಣ್ಣೀರು, ಪಾತ್ರೆ ಸೋಪು, ಒರಟು ಬಟ್ಟೆ, ಗ್ರೀಸು ಬಿಡಿಸೋ ಹಾಗೆ ತಿಕ್ಕಿ ತೊಳೀಬೇಕು, ಗುಳ್ಳೆ ಏಳದವರು ಇನ್ನೂ ಹುಷಾರಾಗಿರ್ಬೇಕು, ಅವ್ರಿಗೆ ಗೊತ್ತೇ ಆಗಲ್ವಲ್ಲ. ಗೊತ್ತೇ ಆಗಲ್ವಲ್ಲ. ಡೆಲ್ಫಾಳ ಕಿವಿಯಲ್ಲಿ ಏನೋ ಗುಂಯ್ ಅಂದಿತು, ಮೊನ್ನೆ ಭಾನುವಾರ ಗೋರಿ ಸಿಂಗರಿಸುವ ದಿನ, ಅದರ ಹಿಂದಿನ ದಿನ ಶನಿವಾರ ಗುಡ್ಡದ ಮೇಲಿನ ಸ್ಮಶಾನ ಹಸನು ಮಾಡುವುದು, ಗಂಡಸರು ಹುಲ್ಲು ಹೊಡೆಯುವುದು, ಹೆಂಗಸರು ಕಾಗದದ ಹೂ ಕಟ್ಟುವುದು, ಕಲ್ಲುಗಳಿಗೆ ಸುತ್ತಿದ ವಿಷಬಳ್ಳಿ ಕೀಳುವುದು ಮಾತ್ರ ಮೊದಲಿನಿಂದಲೂ ಒಬ್ಬಳದೇ ಕೆಲಸ, ಕರೀರಪ್ಪ ಡೆಲ್ಫಾನ, ಅವಳಿಗೇನೂ ಆಗಲ್ಲ, ಎಲ್ಲರೂ ದೂರ ನಿಂತು ನೋಡುವುದು, ಇವಳು ಕೈಗವಸಿಲ್ಲದೆ, ಬರಿಗೈಯಲ್ಲಿ, ನೂಲು ಬಿಟ್ಟ ಹಗ್ಗದಂಥ ಆ ಬೇರನ್ನು ರಪ್ಪನೆ ಕಿತ್ತು ಎತ್ತಿ ತೋರಿಸುವುದು, ಎಲ್ಲರೂ ಹೋ ಅನ್ನುವುದು, ವರ್ಷಕ್ಕೊಂದು ದಿನ ಅವಳೇ ರಾಣಿ. ಈ ಸಲ ರೆನಾಳ ಕಲ್ಲಿಗೂ ಹಬ್ಬಿತ್ತು. ಅದನ್ನು ಎಷ್ಟು ಹೊತ್ತು ಬಿಡಿಸಿದಳು, ಅಕ್ಷರದೊಳಗಿನ ಎಳೆಯನ್ನೂ ಉಗುರಿನಿಂದ ಕೆರೆದು ಕೆರೆದು, ಎಲೆ ಜಜ್ಜಿ ಕೈಯೆಲ್ಲ ಅಂಟು, ಆಮೇಲೆ ಏಪ್ರನ್ನಿಗೆ ಒರೆಸಿಕೊಂಡಳು, ಒರೆಸಿಕೊಂಡಳು ಅಷ್ಟೇ, ಸೋಪು ಯಾರಿಗೆ ಬೇಕು, ಕಾಡಿಲ್ ರಕ್ತ! — ಅಷ್ಟರಲ್ಲಿ ಅಮ್ಮನ ಕಲ್ಲಿನ ಹತ್ತಿರ ಟ್ಯಾನ್ಸಿ ನಿದ್ದೆಗಣ್ಣಲ್ಲಿ ಬಂದಳು, ಬೆನ್ನು ಬಿಟ್ಟ ಹಳದಿ ಫ್ರಾಕು, ಅಜ್ಜೀ ಎತ್ಕೋ.

ಎತ್ತಿಕೊಂಡಳು. ಎದೆಗೊರಗಿಸಿಕೊಂಡು, ಬರಿ ಬೆನ್ನಿಗೆ ಅಂಗೈ ಕೊಟ್ಟು, ಗುಡ್ಡದ ದಾರಿಯುದ್ದಕ್ಕೂ ತಟ್ಟುತ್ತ, ಆಮೇಲೆ ತಟ್ಟುವುದನ್ನೂ ಬಿಟ್ಟು ಸುಮ್ಮನೆ ಒತ್ತಿ ಹಿಡಿದುಕೊಂಡು, ಬೆನ್ನು ಎಷ್ಟು ಬೆಚ್ಚಗಿತ್ತು, ರೆನಾಳ ಬೆನ್ನೂ ಹೀಗೇ ಇತ್ತು ಚಿಕ್ಕವಳಿದ್ದಾಗ, ಹಾಗೆಂದುಕೊಂಡದ್ದು ನೆನಪಿದೆ, ಅಯ್ಯೋ ನೆನಪಿದೆ. ಇಲ್ಲ, ಹಾಗಿರಲಿಕ್ಕಿಲ್ಲ, ಹೆಂಗಸಿನ ಕೈ ಅಂದರೆ ಎಷ್ಟು ಹೆಂಗಸರಿದ್ದರು ಅಲ್ಲಿ, ಯಾರು ಬೇಕಾದರೂ ಎತ್ತಿಕೊಂಡಿರಬಹುದು, ಯಾರು ಬೇಕಾದರೂ, ನೋಡಿಬಿಡಬೇಕು, ನೋಡಿದರೆ ಮುಗಿಯಿತು, ಡೆಲ್ಫಾ ಮೊಸಳೆಯಿಂದ ಕಣ್ಣು ಕಿತ್ತು ಬೆನ್ನಿನ ಕಡೆ ತಿರುಗಿದಳು. ದೀಪದ ಬೆಳಕು. ಅಂಗೈ. ಹೆಬ್ಬೆರಳು. ತೋರುಬೆರಳು ಉದ್ದಕ್ಕೆ. ಉಂಗುರಬೆರಳು ಉದ್ದಕ್ಕೆ. ಕಿರುಬೆರಳು. ಅವುಗಳ ನಡುವೆ, ಎಲ್ಲಕ್ಕಿಂತ ಮೇಲೆ ಚಾಚಬೇಕಾದಲ್ಲಿ, ಅರ್ಧಕ್ಕೇ ನಿಂತ ಒಂದು ಮೊಟಕು. ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಯಂತ್ರ ಕಚ್ಚಿಕೊಂಡು ಹೋದ ಅವಳದೇ ಬೆರಳು, ಟ್ಯಾನ್ಸಿ ಪಾಪು ಬೆರಳು ಅಂತ ಕರೆಯುವ ಬೆರಳು, ಯಾಕಜ್ಜಿ ಇದು ದೊಡ್ಡದಾಗಲ್ಲ, ಅದಿನ್ನೂ ಪಾಪು ಕಣೇ, ಮುತ್ತು ಕೊಟ್ರೆ ಬೆಳಿಯತ್ತೆ — ಕೈಯನ್ನು ಏಪ್ರನ್ನಿನ ಜೇಬಿಗೆ ತುರುಕಲು ನೋಡಿದಳು, ಏಪ್ರನ್ನಿಲ್ಲ, ಜೇಬಿಲ್ಲ, ಬಚ್ಚಿಡಲು ಜಾಗವೇ ಇಲ್ಲ, ಔಷಧಿ ತಣ್ಣಗೆ ತಾಗಿ ಟ್ಯಾನ್ಸಿ ಮುಲುಗಿದಳು, ಅಜ್ಜೀ ಕೈ ಕೊಡು, ಕೊಡದೆ ಹೇಗಿರುವುದು, ಕೊಟ್ಟಳು, ಮಗು ದಿನಾ ಮಾಡುವಂತೆ ಆ ಮೊಟಕಿಗೆ ತುಟಿ ಒತ್ತಲು ಬಾಗಿತು, ಬೇಡ! ಎಂದು ಕಿರುಚಿ ಕೈ ಎಳೆದುಕೊಂಡಳು ಡೆಲ್ಫಾ, ಮಗು ಬೆಚ್ಚಿಬಿದ್ದು ಅಳತೊಡಗಿತು, ನರ್ಸಮ್ಮನ ಹತ್ತಿ ನಿಂತಿತು, ಅವರು ಆ ಕೈ ನೋಡಿದರು, ಬೆನ್ನು ನೋಡಿದರು, ಮತ್ತೆ ಕೈ ನೋಡಿದರು. ಕಚೇರಿಯ ಹೆಂಗಸು ಕೂಡ ನೋಡಿದಳು.

ಕೊನೆಗೆ ನರ್ಸಮ್ಮನೇ, ಮೆಲ್ಲಗೆ, ನೀವು ಹೇಳ್ತೀರಾ ಡೆಲ್ಫಾ, ನಾನೇ ಹೇಳ್ಲಾ? ನಾನೇ ಹೇಳ್ತೀನಿ. ಮಗು ಅಪ್ಪಾ ಅಪ್ಪಾ ಎಂದು ಅಳುತ್ತಿದೆ, ಎದ್ದಳು, ಬಾಗಿಲವರೆಗೆ ನಾಲ್ಕು ಹೆಜ್ಜೆ ಇರಬೇಕು, ಎಷ್ಟು ದೂರ, ಏನು ಹೇಳುವುದು, ಎಲ್ಡನ್, ಎಲ್ಡನ್ ಮಗನೇ, ಅನ್ನಬಹುದೇ, ಎಂದೂ ಮಗನೇ ಅಂದವಳಲ್ಲ, ನೀವಾದ್ರೂ ಹೇಳಿ ಅಂದನಲ್ಲ, ಬಾಗಿಲನ್ನೂ ನೋಡಿದೀನಿ ಅಂದಳಲ್ಲ, ಆ ತೂತು ಬಿದ್ದ ದಿನ ಅವನು ರಕ್ತ ಸುರಿವ ಮುಷ್ಟಿಯನ್ನು ಇವಳ ಮಡಿಲಿಗೇ ಇಟ್ಟು ಅತ್ತಿದ್ದ, ಇವಳೇ ಬಟ್ಟೆ ಸುತ್ತಿದ್ದಳು, ಅದನ್ನು ಯಾರಿಗೂ ಹೇಳಲಿಲ್ಲವಲ್ಲ, ಬಾಗಿಲಿನ ಗಾಜಿನಾಚೆ ಅವನು ಕಾಣುತ್ತಾನೆ, ಟೋಪಿಯನ್ನು ಮಂಡಿಯ ನಡುವೆ ಹಿಡಿದು ತಲೆ ತಗ್ಗಿಸಿ, ಈ ಅಳು ಕೇಳಿಸಿತೇನೋ, ತಲೆ ಎತ್ತಿದ, ನೇರ ಇವಳನ್ನೇ ನೋಡಿದ, ಎದ್ದು ನಿಂತ, ಪೊಲೀಸಿನವನು ಭುಜ ಹಿಡಿದು ಕೂರಿಸಿದ, ತಳ್ಳಬೇಕು ಬಾಗಿಲು, ತಳ್ಳಿದರೆ ತೆರೆಯುತ್ತದೆ, ಡೆಲ್ಫಾ ಕೈ ಎತ್ತಿ ಗಾಜಿಗೆ ಒತ್ತಿದಳು, ಬೆವರಿದ ಅಂಗೈ, ಗಾಜಿನ ಮೇಲೆ ಆವಿ ಕಟ್ಟುತ್ತದೆ, ಅವನ ಕಣ್ಣು ಅವಳ ಮುಖದಿಂದ ಇಳಿದು ಅಲ್ಲಿಗೆ ಬಂತು, ಅಂಗೈಗೆ, ಬೆರಳುಗಳಿಗೆ, ತಳ್ಳು, ತಳ್ಳೇ ಡೆಲ್ಫಾ, ಕೈ ತಳ್ಳದು, ಉದ್ದಕ್ಕೊಂದು, ಉದ್ದಕ್ಕೊಂದು, ನಡುವೆ ಆ ಮೊಟಕು, ಗಾಜಿನ ಮೇಲೆ ಮೊಟಕು, ಬೆನ್ನಿನ ಮೇಲೆ ಮೊಟಕು, ಆ ಮೊಟಕು —